ಐದು ಊರು, ಮೂವತ್ತೊಂದು ಕೂಟ

ವಿಜಯನಗರ ಕರ್ನಾಟಕದ 31ನೇ ಜಿಲ್ಲೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂತಿರುವ ನಮ್ಮ ಹುಡುಗ ಹುಡುಗಿಯರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಇದನ್ನು ಹೇಳುತ್ತಾರೆ. 2021ರ ಫೆಬ್ರುವರಿ 8ಕ್ಕೆ ಅಧಿಸೂಚನೆ, ಅದೇ ವರ್ಷ ಅಕ್ಟೋಬರ್ 2ಕ್ಕೆ ಉದ್ಘಾಟನೆ, ಹೊಸಪೇಟೆ ಜಿಲ್ಲಾ ಕೇಂದ್ರ, ಒಟ್ಟು ಆರು ತಾಲ್ಲೂಕು. ಇಷ್ಟು ಬರೆದರೆ ಅಂಕ ಬಂತು. ನಾನು ಇವತ್ತು ಜಿಲ್ಲೆಯನ್ನು ಸ್ವಲ್ಪ ಪಕ್ಕಕ್ಕೆ ಇಟ್ಟು, ಅದಕ್ಕೆ ಸಿಕ್ಕ ಆ ಕ್ರಮಾಂಕದ ಬಗ್ಗೆಯೇ ನಾಲ್ಕು ಮಾತಾಡಬೇಕೆಂದಿದ್ದೇನೆ.

ಜಿಲ್ಲೆಗಳ ಲೆಕ್ಕ ಹೇಗೆ ಬೆಳೆಯಿತು ನೋಡಿ. 1956ರ ನವೆಂಬರ್ 1ಕ್ಕೆ ರಾಜ್ಯ ಒಂದಾದಾಗ 19 ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಬೇರೆಯಾಗಿ 20. 1997ರಲ್ಲಿ ಒಂದೇ ಸಲಕ್ಕೆ ಏಳು ಸೇರಿ 27. ನಮ್ಮ ಹರಪನಹಳ್ಳಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆಗೆ ಹೋದದ್ದು ಆಗಲೇ. ಮುಂದೆ ಅದು ಬಳ್ಳಾರಿಗೆ ಮರಳಿ, ಅಲ್ಲಿಂದ ವಿಜಯನಗರಕ್ಕೆ ಬಂತು. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಸೇರಿ 29. ಆಮೇಲೆ ಯಾದಗಿರಿ, 30. ಕೊನೆಗೆ ನಮ್ಮದು, 31. ಇದರಲ್ಲಿ 19, 29, 31 ಮೂರೂ ಅವಿಭಾಜ್ಯ ಸಂಖ್ಯೆಗಳು. ಒಂದು ಮತ್ತು ತಾನು, ಇವೆರಡನ್ನು ಬಿಟ್ಟರೆ ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದವು. 31 ಮಕ್ಕಳನ್ನು ಸ್ವಾತಂತ್ರ್ಯ ದಿನದ ಕವಾಯತಿಗೆ ಸಮಸಾಲಿನಲ್ಲಿ ನಿಲ್ಲಿಸಲು ಹೊರಟ ದೈಹಿಕ ಶಿಕ್ಷಕರಿಗೆ ಇದರ ಕಷ್ಟ ಗೊತ್ತು. ಇಬ್ಬಿಬ್ಬರಂತೆ, ಮೂವರಂತೆ, ಐವರಂತೆ ಹೇಗೆ ನಿಲ್ಲಿಸಿದರೂ ಒಬ್ಬ ಉಳಿಯುತ್ತಾನೆ. ಉಳಿಯಲೇಬೇಕು, ಏಕೆಂದರೆ 2, 3, 5 ಗುಣಿಸಿದರೆ 30. ಅದಕ್ಕೆ ಒಂದು ಸೇರಿಸಿದರೆ 31. ಆರು ಆರಲೆ ಮೂವತ್ತಾರು ಆಗಲೇ 31ನ್ನು ದಾಟಿದ್ದರಿಂದ ಐದರಾಚೆಗೆ ಪರೀಕ್ಷೆ ಮಾಡುವ ಅಗತ್ಯವೂ ಇಲ್ಲ.

ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ, ಆದ್ದರಿಂದ ಇಷ್ಟರಿಂದಲೇ 31ಕ್ಕೆ ವಿಶೇಷ ಮರ್ಯಾದೆ ಸಲ್ಲಬೇಕಾಗಿಲ್ಲ. ಅದರ ನಿಜವಾದ ಗುಣ ಬೇರೆ ಇದೆ. ಅದನ್ನು ನಮ್ಮ ಊರುಗಳಿಂದಲೇ ಹೇಳುತ್ತೇನೆ.

ಹೊಸಪೇಟೆಯನ್ನು ಸದ್ಯಕ್ಕೆ ಬಿಡಿ. ಅದಕ್ಕೆ ಹಂಪಿಯಿದೆ, ತುಂಗಭದ್ರಾ ಅಣೆಕಟ್ಟೆಯಿದೆ, ಯಾರಾದರೂ ಮಾತಾಡುತ್ತಲೇ ಇರುತ್ತಾರೆ. ಉಳಿದ ಐದು ತಾಲ್ಲೂಕು ಕೇಂದ್ರಗಳನ್ನು ತೆಗೆದುಕೊಳ್ಳೋಣ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ನಿಮ್ಮ ಮನೆಗೆ ನೆಂಟರು ಬಂದಿದ್ದಾರೆ, ಈ ಊರುಗಳನ್ನು ತೋರಿಸಬೇಕು ಅಂದುಕೊಳ್ಳಿ. ಒಂದೇ ಊರಿಗೆ ಕರೆದೊಯ್ಯಬಹುದು, ಎರಡಕ್ಕೆ, ಮೂರಕ್ಕೆ, ಐದಕ್ಕೂ ಕರೆದೊಯ್ಯಬಹುದು. ಯಾವುದು ಮೊದಲು, ಯಾವುದು ಆಮೇಲೆ ಎಂಬ ತಕರಾರು ಬೇಡ. ಯಾವ ಯಾವ ಊರು ಸೇರಿದವು ಎಂಬುದಷ್ಟೇ ಲೆಕ್ಕ. ಹಾಗಾದರೆ ಎಷ್ಟು ಬಗೆಯ ಕೂಟಗಳಾದವು?

ಒಂದೊಂದೇ ಊರಾದರೆ ಐದು ಬಗೆ. ಎರಡೆರಡಾದರೆ ಹತ್ತು. ಮೂರು ಮೂರಾದರೂ ಹತ್ತೇ, ಏಕೆಂದರೆ ಮೂರನ್ನು ಆರಿಸುವುದೂ ಎರಡನ್ನು ಕೈಬಿಡುವುದೂ ಒಂದೇ ಕೆಲಸ. ನಾಲ್ಕು ನಾಲ್ಕಾದರೆ ಐದು. ಐದೂ ಸೇರಿದರೆ ಒಂದು. ಕೂಡಿ: ಐದು, ಹತ್ತು, ಹತ್ತು, ಐದು, ಒಂದು. 31.

ಸುಲಭದ ದಾರಿಯೂ ಇದೆ. ಪ್ರತಿ ಊರಿನ ಬಗ್ಗೆ ಎರಡೇ ಮಾತು: ಹೋಗುವುದು ಅಥವಾ ಬಿಡುವುದು. ಐದು ಊರಿಗೆ ಎರಡನ್ನು ಐದು ಸಲ ಗುಣಿಸಿದರೆ 32. ಅದರಲ್ಲಿ ಒಂದು ಬಗೆ ಎಂದರೆ ಯಾವ ಊರಿಗೂ ಹೋಗದೆ ಮನೆಯಲ್ಲೇ ಮಿರ್ಚಿ ಮಂಡಕ್ಕಿ ತಿಂದು ಕೂರುವುದು. ಅದು ಸುಖವೇ ಹೌದು, ಪ್ರವಾಸವಲ್ಲ. ಕಳೆದರೆ 31.

ಈ ಲೆಕ್ಕ ನಮ್ಮ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಕವಿರಾಜಮಾರ್ಗದ ಕಾಲವೇ ಅದು. ಆ ಪುಸ್ತಕ ಸಂಸ್ಕೃತದಲ್ಲಿದೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಆಗ ಅದೇ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ.

ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಮಹಾವೀರಾಚಾರ್ಯರು ಎಲ್ಲ ಸಂದರ್ಭಕ್ಕೂ ಒಪ್ಪುವ ಸೂತ್ರ ಕೊಟ್ಟಿದ್ದಾರೆ. ಮೇಲಿನಿಂದ ಇಳಿಯುತ್ತ ಗುಣಿಸಿ, ಕೆಳಗಿನಿಂದ ಏರುತ್ತ ಗುಣಿಸಿದ್ದರಿಂದ ಭಾಗಿಸು ಎಂಬುದು ಅದರ ಸಾರ. ಐದರಲ್ಲಿ ಎರಡು ಆರಿಸಬೇಕೆ? ಐದು ನಾಲ್ಕಲೆ ಇಪ್ಪತ್ತು, ಒಂದು ಎರಡಲೆ ಎರಡು. ಇಪ್ಪತ್ತನ್ನು ಎರಡರಿಂದ ಭಾಗಿಸಿದರೆ ಹತ್ತು. ಅವರು ಕೊಟ್ಟ ಉದಾಹರಣೆ ರುಚಿಗಳದ್ದು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಈ ಆರನ್ನು ಬೆರೆಸಿದರೆ ಎಷ್ಟು ರುಚಿಯಾದೀತು ಎಂದು ಕೇಳುತ್ತಾರೆ. ಉತ್ತರ 63. ಸಕ್ಕರೆ ಕಾಯಿಲೆಯವರು ಸಿಹಿಯನ್ನು ಬಿಟ್ಟರೆ ಐದು ರುಚಿ ಉಳಿಯುತ್ತದೆ. ಅವರಿಗೂ 31 ಬಗೆಯ ಊಟಕ್ಕೆ ಅಡ್ಡಿಯಿಲ್ಲ.

ಇದಕ್ಕೂ ಹಿಂದೆ ಛಂದಶ್ಶಾಸ್ತ್ರದ ಪಿಂಗಳ ಇದೇ ಲೆಕ್ಕವನ್ನು ಲಘು ಗುರುಗಳಲ್ಲಿ ಹಾಕಿದ್ದ. 'ಯಮಾತಾರಾಜಭಾನಸಲಗಂ' ಎಂದು ಬಾಯಿಪಾಠ ಮಾಡಿ ಕನ್ನಡ ಮೇಷ್ಟರಿಗೆ ಒಪ್ಪಿಸಿದವರೆಲ್ಲರೂ ಈ ಗಣಿತವನ್ನು ಗೊತ್ತಿಲ್ಲದೆ ಮಾಡಿದವರೇ. ಮೂರು ಅಕ್ಷರಕ್ಕೆ ಎಂಟು ಗಣ. ಐದು ಅಕ್ಷರವಾದರೆ 32 ಪ್ರಸ್ತಾರ. ಎಲ್ಲವೂ ಲಘುವಾದ ಒಂದನ್ನು ತೆಗೆದರೆ ಮತ್ತೆ ನಮ್ಮ ಸಂಖ್ಯೆ.

ಈಗ ಹಿರಿಯ ಕೇಳುಗರಿಗೆ ಒಂದು ನೆನಪು. 1957ರ ಏಪ್ರಿಲ್ 1ಕ್ಕೆ ಹೊಸ ಪೈಸೆ ಬರುವ ಮುಂಚೆ ರೂಪಾಯಿಗೆ ಹದಿನಾರು ಆಣೆ. 'ಹದಿನಾರಾಣೆ ಸತ್ಯ' ಎಂಬ ಮಾತು ಆ ಲೆಕ್ಕ ಹೋದ ಮೇಲೂ ನಮ್ಮ ಬಾಯಲ್ಲಿ ಉಳಿದಿದೆ. ಆಗ ಚಲಾವಣೆಯಲ್ಲಿದ್ದ ನಾಣ್ಯಗಳನ್ನು ಸಾಲಾಗಿ ಇಡಿ: ಒಂದಾಣೆ, ಎರಡಾಣೆ, ನಾಲ್ಕಾಣೆ ಅಂದರೆ ಪಾವಲಿ, ಎಂಟಾಣೆ, ಆಮೇಲೆ ಹದಿನಾರಾಣೆಯ ರೂಪಾಯಿ. ಪ್ರತಿಯೊಂದೂ ಹಿಂದಿನದರ ಎರಡರಷ್ಟು. ಒಂದೊಂದು ನಾಣ್ಯವನ್ನು ಕಿಸೆಗೆ ಹಾಕಿಕೊಂಡರೆ ಒಟ್ಟು 31 ಆಣೆ, ಅಂದರೆ ಒಂದು ರೂಪಾಯಿ ಹದಿನೈದಾಣೆ.

ಆ ಐದು ನಾಣ್ಯ ಹಿಡಿದು ಸಂತೆಗೆ ಹೋದವನಿಗೆ ಒಂದು ಸೌಕರ್ಯವಿತ್ತು. ಒಂದಾಣೆಯಿಂದ ಮೂವತ್ತೊಂದಾಣೆಯವರೆಗೆ ಪೂರ್ತಿ ಆಣೆಯ ಯಾವ ಬೆಲೆಯನ್ನಾದರೂ ಚಿಲ್ಲರೆ ಕೇಳದೆ ಕೊಡಬಹುದು. ಬಾರಾಣೆಯೆ? ಎಂಟು, ನಾಲ್ಕು. ಹದಿಮೂರಾಣೆಯೆ? ಅದಕ್ಕೆ ಒಂದು ಸೇರಿಸಿ. ಒಂದು ರೂಪಾಯಿ ಐದಾಣೆಯೆ? ರೂಪಾಯಿ, ಪಾವಲಿ, ಒಂದಾಣೆ. ಇನ್ನೂ ಮುಖ್ಯವಾದ ಮಾತೆಂದರೆ, ಪ್ರತಿ ಮೊತ್ತವನ್ನೂ ಕೊಡುವ ದಾರಿ ಒಂದೇ ಒಂದು. ಕಾರಣ ಸರಳ. ಒಂದು, ಎರಡು, ನಾಲ್ಕು, ಎಂಟು ಕೂಡಿದರೆ ಹದಿನೈದು, ರೂಪಾಯಿಗೆ ಒಂದಾಣೆ ಕಡಿಮೆ. ಸಣ್ಣ ನಾಣ್ಯಗಳೆಲ್ಲ ಒಟ್ಟಾದರೂ ದೊಡ್ಡದರ ಜಾಗವನ್ನು ತುಂಬಲಾರವು. ಹಾಗಾಗಿ ದೊಡ್ಡ ನಾಣ್ಯ ಬೇಕೋ ಬೇಡವೋ ಎಂಬುದು ಬೆಲೆ ಕೇಳಿದ ಕೂಡಲೇ ತೀರ್ಮಾನವಾಗುತ್ತದೆ. ಈ ಜಾಣತನ ಬ್ರಿಟಿಷರ ಟಂಕಸಾಲೆಯದೂ ಅಲ್ಲ. ಹರಪ್ಪ ನಾಗರಿಕತೆಯ ನೆಲೆಗಳಲ್ಲಿ ಸಿಕ್ಕ ತೂಕದ ಕಲ್ಲುಗಳೂ ಹೀಗೇ ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂದು ಇಮ್ಮಡಿಸುತ್ತ ಹೋಗುತ್ತವೆ.

ಈಗ ನಾಣ್ಯಗಳನ್ನೂ ಊರುಗಳನ್ನೂ ಜೋಡಿಸೋಣ. ಮನೆಯಲ್ಲಿ ಮಕ್ಕಳಿದ್ದರೆ ಕರೆಯಿರಿ, ಕಾಗದ ಪೆನ್ಸಿಲ್ಲು ಕೊಡಿ. ಕೂಡ್ಲಿಗಿಗೆ ಒಂದು, ಕೊಟ್ಟೂರಿಗೆ ಎರಡು, ಎಚ್.ಬಿ. ಹಳ್ಳಿಗೆ ಅಂದರೆ ಹಗರಿಬೊಮ್ಮನಹಳ್ಳಿಗೆ ನಾಲ್ಕು, ಹಡಗಲಿಗೆ ಎಂಟು, ಹರಪನಹಳ್ಳಿಗೆ ಹದಿನಾರು. ಬೆಲೆಯಲ್ಲಿ ಹೆಚ್ಚು ಕಡಿಮೆ ಮಾಡಿದೆನೆಂದು ಕೂಡ್ಲಿಗಿಯವರು ಬೇಸರಪಡಬಾರದು. ಒಂದು ಇಲ್ಲದಿದ್ದರೆ ಬೆಸ ಸಂಖ್ಯೆ ಒಂದೂ ಹುಟ್ಟುವುದಿಲ್ಲ.

ತಿಂಗಳಲ್ಲಿ ಹೆಚ್ಚೆಂದರೆ 31 ದಿನ. ಐದು ಊರುಗಳ ಕೂಟಗಳೂ 31. ಹಾಗಾದರೆ ಯಾರದೇ ಹುಟ್ಟಿದ ತಾರೀಕಿಗೂ ಒಂದು ಕೂಟ ಸಿಗಬೇಕು, ಒಂದೇ ಸಿಗಬೇಕು. ನೋಡಿ: ಅಕ್ಟೋಬರ್ 2, ಗಾಂಧೀಜಿ ಹುಟ್ಟಿದ ದಿನ, ಕೊಟ್ಟೂರು ಒಂದೇ. ಗಾಂಧೀಜಿಯ ಚಿತಾಭಸ್ಮದ ಸ್ಮಾರಕ ಇರುವುದು ಕೂಡ್ಲಿಗಿಯಲ್ಲಿ. ಲೆಕ್ಕ ಅಂಥ ದಾಕ್ಷಿಣ್ಯ ನೋಡುವುದಿಲ್ಲ. ನವೆಂಬರ್ 1, ರಾಜ್ಯೋತ್ಸವ, ಕೂಡ್ಲಿಗಿ. ಆಗಸ್ಟ್ 15 ಎಂದರೆ ಹರಪನಹಳ್ಳಿಯೊಂದನ್ನು ಬಿಟ್ಟು ಉಳಿದ ನಾಲ್ಕೂ. ಜನವರಿ 26 ಎಂದರೆ ಹರಪನಹಳ್ಳಿ, ಹಡಗಲಿ, ಕೊಟ್ಟೂರು. ಜಿಲ್ಲೆಯ ಅಧಿಸೂಚನೆ ಬಂದ ಫೆಬ್ರುವರಿ 8, ಹಡಗಲಿ. 31ನೇ ತಾರೀಕಿಗೆ ಹುಟ್ಟಿದವರಿಗೆ ಐದೂ ಊರು ಬೇಕು.

ಇದನ್ನು ಆಟ ಮಾಡಬಹುದು. ಐದು ಚೀಟಿ ಮಾಡಿ, ಒಂದೊಂದಕ್ಕೆ ಒಂದೊಂದು ಊರಿನ ಹೆಸರು. ಆ ಊರಿನ ನಾಣ್ಯ ಯಾವ ತಾರೀಕುಗಳಿಗೆ ಬೇಕೋ ಅವನ್ನೆಲ್ಲ ಆ ಚೀಟಿಯಲ್ಲಿ ಬರೆಯಿರಿ. ಕೂಡ್ಲಿಗಿ ಚೀಟಿಯಲ್ಲಿ ಬೆಸ ಸಂಖ್ಯೆಗಳು: 1, 3, 5, 7 ಹೀಗೆ 31ರವರೆಗೆ. ಕೊಟ್ಟೂರಿನದರಲ್ಲಿ 2, 3 ಬರೆದು ಎರಡು ಬಿಡಿ. 6, 7 ಬರೆದು ಎರಡು ಬಿಡಿ. ಹೀಗೆ 30, 31ರವರೆಗೆ. ಎಚ್.ಬಿ. ಹಳ್ಳಿಗೆ 4ರಿಂದ 7, 12ರಿಂದ 15, 20ರಿಂದ 23, 28ರಿಂದ 31. ಹಡಗಲಿಗೆ 8ರಿಂದ 15, 24ರಿಂದ 31. ಹರಪನಹಳ್ಳಿಗೆ 16ರಿಂದ ಮುಂದಿನವೆಲ್ಲ. ಪ್ರತಿ ಚೀಟಿಯಲ್ಲೂ ಸರಿಯಾಗಿ ಹದಿನಾರು ತಾರೀಕು ಬಂದಿರಬೇಕು. ಬಂದಿಲ್ಲದಿದ್ದರೆ ಎಲ್ಲೋ ಕೈ ತಪ್ಪಿದೆ. ಇನ್ನು ಅತ್ತೆಯೋ ಮಾವನೋ ಪಕ್ಕದ ಮನೆಯವರೋ, ಯಾರಿಗಾದರೂ ಐದು ಚೀಟಿಯನ್ನೂ ತೋರಿಸಿ. "ನಿಮ್ಮ ತಾರೀಕು ಯಾವ ಯಾವ ಊರಲ್ಲಿದೆ?" ಎಂದು ಕೇಳಿ. ಅವರು ಹೇಳಿದ ಊರುಗಳ ಬೆಲೆ ಕೂಡಿದರೆ ತಾರೀಕು ಬಂತು. ಐದು ಪ್ರಶ್ನೆ, 31 ಉತ್ತರ. ಕಂಪ್ಯೂಟರು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳುವುದೂ ಹೀಗೆಯೇ, ಹೌದು ಇಲ್ಲ ಎಂಬ ಉತ್ತರಗಳ ಸಾಲಾಗಿ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪು ತಿಳಿವಳಿಕೆಗೆ ದಾರಿ. ನಮ್ಮದು 31ನೇ ಜಿಲ್ಲೆಯಾಗಿದ್ದು ಕಾಕತಾಳೀಯ. ಯಾದಗಿರಿಗಿಂತ ಮೊದಲು ಆಗಿದ್ದರೆ ನಮ್ಮದು 30 ಆಗುತ್ತಿತ್ತು, ಆಗ ನಾನು ಬೇರೆ ಭಾಷಣ ಮಾಡುತ್ತಿದ್ದೆ. ಐದು ವಸ್ತುಗಳಿಂದ 31 ಕೂಟ ಆಗುವುದು ಮಾತ್ರ ಯಾವ ಸರ್ಕಾರದ ಅಧಿಸೂಚನೆಯಿಂದಲೂ ಆದದ್ದಲ್ಲ, ಯಾವ ಸರ್ಕಾರವೂ ರದ್ದು ಮಾಡಲಾರದು. ಈ ಎರಡನ್ನೂ ಬೆರೆಸಿ ವ್ಯಾಪಾರ ಮಾಡುವವರು ಸಂಖ್ಯಾಶಾಸ್ತ್ರದವರು. ಗಾಡಿಯ ನಂಬರು, ಮೊಬೈಲಿನ ನಂಬರು, ಮದುವೆಯ ತಾರೀಕು ಎಲ್ಲದಕ್ಕೂ ಅಂಕಿ ಕೂಡಿಸಿ ಶುಭ ಅಶುಭ ಹೇಳುತ್ತಾರೆ. ಮೂರಕ್ಕೆ ಒಂದು ಸೇರಿ ನಾಲ್ಕು, ಆದ್ದರಿಂದ 31 ಹೀಗೆ ಹಾಗೆ ಎನ್ನುತ್ತಾರೆ. ಆದರೆ ಆ ಮೂರು ಮತ್ತು ಒಂದು ಬಂದದ್ದು ನಾವು ಹತ್ತು ಬೆರಳಿರುವ ಕಾರಣಕ್ಕೆ ಹತ್ತರ ಗುಂಪಿನಲ್ಲಿ ಎಣಿಸುವುದರಿಂದ. ಎರಡರ ಗುಂಪಿನಲ್ಲಿ ಎಣಿಸಿದರೆ ಇದೇ ಸಂಖ್ಯೆಯ ಅಂಕಿಗಳ ಮೊತ್ತ ಐದು. ಐದರ ಗುಂಪಿನಲ್ಲಿ ಎಣಿಸಿದರೆ ಮೂರು. ಹಾಗಾದರೆ ಯಾವುದು ಶುಭ? ಬರವಣಿಗೆ ಬದಲಾದರೆ ಬದಲಾಗುವ ಗುಣ ಬರವಣಿಗೆಯದು. 31 ಕಾಳುಗಳನ್ನು ಮಣ್ಣಿನ ಮೇಲೆ ಚೆಲ್ಲಿ, ಒಂದು ಅಂಕಿಯನ್ನೂ ಬರೆಯದೆ ಸಾಲಾಗಿಸಲು ನೋಡಿ. ಆಗಲೂ ಅದು ಸಮಸಾಲಿಗೆ ಬಾರದು. ಅದು ಸಂಖ್ಯೆಯ ಗುಣ.

ಅಂಥ ಇನ್ನೊಂದು ಗುಣ ಹೇಳುತ್ತೇನೆ. 31 ರೂಪಾಯಿಗೆ ಎಷ್ಟು ಆಣೆ? ಹದಿನಾರರಿಂದ ಗುಣಿಸಿ: 496. ಈಗ 496 ಯಾವ ಯಾವುದರಿಂದ ಭಾಗವಾಗುತ್ತದೆ ಎಂದು ಹುಡುಕಿ, ಅದನ್ನೇ ಬಿಟ್ಟು. 1, 2, 4, 8, 16. ಆಮೇಲೆ 31, 62, 124, 248. ಮೊದಲ ಐದರ ಮೊತ್ತ 31. ಉಳಿದ ನಾಲ್ಕರ ಮೊತ್ತ 465. ಎರಡನ್ನೂ ಕೂಡಿದರೆ 496. ತನ್ನ ಭಾಜಕಗಳನ್ನು ಕೂಡಿದರೆ ತಾನೇ ಬರುವ ಇಂಥ ಸಂಖ್ಯೆಗೆ ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. ಮೊದಲನೆಯದು 6, ಎರಡನೆಯದು 28, ಮೂರನೆಯದು ಈ 496, ನಾಲ್ಕನೆಯದು 8128. ಆಮೇಲಿನದು ಮೂರು ಕೋಟಿಯ ಮೇಲಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಯೂಕ್ಲಿಡ್ ಇದಕ್ಕೆ ದಾರಿ ಹೇಳಿದ್ದ: ಒಂದರಿಂದ ಹಿಡಿದು ಇಮ್ಮಡಿಸುತ್ತ ಕೂಡುತ್ತ ಹೋಗು, ಮೊತ್ತ ಅವಿಭಾಜ್ಯವಾದಾಗ ನಿಲ್ಲಿಸು, ಮೊತ್ತವನ್ನು ಕೊನೆಯ ಪದದಿಂದ ಗುಣಿಸು. ನಮ್ಮ ನಾಣ್ಯಗಳ ಭಾಷೆಯಲ್ಲಿ, ಕಿಸೆಯಲ್ಲಿರುವ ಒಟ್ಟು ಆಣೆಯನ್ನು ಅತಿ ದೊಡ್ಡ ನಾಣ್ಯದಿಂದ ಗುಣಿಸು.

ಮಕ್ಕಳಿಗೆ ಇದನ್ನು ಹುಂಡಿಯಲ್ಲಿ ತೋರಿಸಬಹುದು. 31 ದಿನದ ತಿಂಗಳಲ್ಲಿ ಒಂದನೇ ತಾರೀಕು ಒಂದು ರೂಪಾಯಿ, ಎರಡನೇ ತಾರೀಕು ಎರಡು, ಹೀಗೆ ತಾರೀಕಿನಷ್ಟು ರೂಪಾಯಿ ಹಾಕುತ್ತ ಹೋದರೆ ತಿಂಗಳ ಕೊನೆಗೆ ಹುಂಡಿ ಒಡೆದಾಗ ಸಿಗುವುದು ಸರಿಯಾಗಿ 496 ರೂಪಾಯಿ.

ಎರಡನ್ನು ಎರಡರಿಂದ ಮತ್ತೆ ಮತ್ತೆ ಗುಣಿಸಿ ಒಂದು ಕಳೆದರೆ ಬರುವ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯ ಎಂದು ಹೆಸರು. 3, 7, 31, 127 ಮೊದಲ ನಾಲ್ಕು. ನಾಲ್ಕು ಊರಿದ್ದರೆ ಕೂಟ 15, ಅದು ಅವಿಭಾಜ್ಯವಲ್ಲ. ಹೊಸಪೇಟೆ ಸೇರಿ ಆರಾದರೆ 63, ಅದೂ ಅಲ್ಲ, ಒಂಬತ್ತು ಏಳಲೆ ಅರವತ್ಮೂರು. ಊರುಗಳ ಸಂಖ್ಯೆಯೇ ಅವಿಭಾಜ್ಯವಾಗಿರಬೇಕು, ಅದಿಲ್ಲದೆ ಆಗದು. ಅಷ್ಟಿದ್ದರೂ ಸಾಲದು: ಹನ್ನೊಂದು ಊರಿಗೆ 2047 ಕೂಟ, ಅದು 23 ಮತ್ತು 89ರ ಗುಣಲಬ್ಧ. ಫ್ರಾನ್ಸಿನ ಪಾದ್ರಿ ಮರಿನ್ ಮರ್ಸೆನ್ 1644ರಲ್ಲಿ ಇಂಥವುಗಳ ಒಂದು ಪಟ್ಟಿ ಕೊಟ್ಟ. ಅದರಲ್ಲಿ ಎರಡು ತಪ್ಪಾಗಿ ಸೇರಿದ್ದವು, ಮೂರು ಬಿಟ್ಟುಹೋಗಿದ್ದವು. ಅವನ ಹೆಸರಂತೂ ಉಳಿಯಿತು.

ಆ ಪಟ್ಟಿಯಲ್ಲಿ ನಮ್ಮ 31 ಮತ್ತೊಂದು ವೇಷದಲ್ಲಿ ಬರುತ್ತದೆ. ಐದು ಎರಡುಗಳ ಬದಲು ಮೂವತ್ತೊಂದು ಎರಡುಗಳನ್ನು ಗುಣಿಸಿ ಒಂದು ಕಳೆದರೆ 214 ಕೋಟಿ 74 ಲಕ್ಷ 83 ಸಾವಿರದ 647. ಇದೂ ಅವಿಭಾಜ್ಯ ಎಂದು ಗಣಿತಜ್ಞ ಆಯ್ಲರ್ 1772ರಲ್ಲಿ ತೋರಿಸಿದ. ಆಗ ಅವನ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಕಂಡಕಂಡ ಸಂಖ್ಯೆಯಿಂದೆಲ್ಲ ಅವನು ಭಾಗಿಸುತ್ತ ಕೂರಲಿಲ್ಲ. ಇದಕ್ಕೆ ಭಾಜಕವೇನಾದರೂ ಇದ್ದರೆ, 248ರಿಂದ ಭಾಗಿಸಿದಾಗ ಅದು 1 ಅಥವಾ 63 ಶೇಷ ಉಳಿಸುವ ಅವಿಭಾಜ್ಯವೇ ಆಗಿರಬೇಕು ಎಂದು ಮೊದಲು ತರ್ಕದಿಂದ ಸಾಧಿಸಿದ. ಆಮೇಲೆ ಅಂಥ ಕೆಲವನ್ನೇ ಪರೀಕ್ಷಿಸಿದ. ಈ 248 ಈಗತಾನೇ 496ರ ಭಾಜಕಗಳಲ್ಲಿ ಬಂದು ಹೋಯಿತು, ಗಮನಿಸಿರಬಹುದು.

ಹಳೆಯ ಮಾದರಿಯ ಎಷ್ಟೋ ಕಂಪ್ಯೂಟರುಗಳು ಸಮಯವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಅವು ಹಿಡಿಯಬಲ್ಲ ಅತಿ ದೊಡ್ಡ ಎಣಿಕೆ ಆಯ್ಲರನ ಇದೇ ಸಂಖ್ಯೆ. ಭಾರತದ ವೇಳೆಯಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆ ತುಂಬುತ್ತದೆ. ಅಷ್ಟರೊಳಗೆ ಅವನ್ನು ಬದಲಿಸಬೇಕು, ಇಲ್ಲವಾದರೆ ಅವುಗಳಿಗೆ 1901ನೇ ಇಸವಿ ಬಂದಂತಾಗುತ್ತದೆ. ಮರ್ಸೆನ್ ಸಂಖ್ಯೆಗಳ ಬೇಟೆ ಮಾತ್ರ ನಿಂತಿಲ್ಲ. 2024ರಲ್ಲಿ ಸಿಕ್ಕದ್ದು ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳ ಸಂಖ್ಯೆ. ಅದನ್ನು ಈ ಬಾನುಲಿಯಲ್ಲಿ ಓದಿ ಹೇಳಬೇಕೆಂದರೆ, ಸೆಕೆಂಡಿಗೆ ಎರಡು ಅಂಕಿಯಂತೆ, ಹಗಲೂ ರಾತ್ರಿ ಏಳೆಂಟು ತಿಂಗಳು ಬೇಕು.

ಮಹಾವೀರಾಚಾರ್ಯರಿಗೆ ಮರಳೋಣ. ಅವರಿಗೆ ಎರಡೂ ಕಡೆಯಿಂದ ಒಂದೇ ರೀತಿ ಓದಬಹುದಾದ ಸಂಖ್ಯೆಗಳೆಂದರೆ ಇಷ್ಟ. ಅವನ್ನು ಕೊರಳ ಹಾರ ಎಂದು ಕರೆದು, ಗುಣಾಕಾರದ ಲೆಕ್ಕಗಳಲ್ಲಿ ಅಡಗಿಸಿ ಇಡುತ್ತಾರೆ. ಅವರ ಒಂದು ಲೆಕ್ಕ: 152207ನ್ನು 73ರಿಂದ ಗುಣಿಸು. ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ, 11111111. ಬರವಣಿಗೆಯ ಗುಣ ಬೇರೆ, ಸಂಖ್ಯೆಯ ಗುಣ ಬೇರೆ ಎಂದು ಈಗಷ್ಟೇ ಹೇಳಿದೆ. ಕೆಲವು ಸಲ ಬರವಣಿಗೆಯ ಚೆಲುವಿನ ಹಿಂದೆ ಸಂಖ್ಯೆಯ ಗುಣವೂ ಇರುತ್ತದೆ. 31 ಅಂಥದು.

ಆಣೆಗಳ ಲೆಕ್ಕದಲ್ಲಿ 31 ಎಂದರೆ ಪ್ರತಿ ನಾಣ್ಯವೂ ಒಂದೊಂದು: ರೂಪಾಯಿ, ಎಂಟಾಣೆ, ಪಾವಲಿ, ಎರಡಾಣೆ, ಒಂದಾಣೆ. ಎರಡರ ಮಾನದಲ್ಲಿ, ಅಂದರೆ ಎರಡರ ಗುಂಪಿನಲ್ಲಿ ಎಣಿಸಿ, ಬರೆದರೆ 11111. ಆಣೆ ಹೋಗಿ ಪೈಸೆ ಬಂತಲ್ಲ, ಹೊಸ ನಾಣ್ಯಗಳಲ್ಲಿ ಒಂದು ಪೈಸೆ, ಐದು ಪೈಸೆ, ಇಪ್ಪತ್ತೈದು ಪೈಸೆ ಇದ್ದವು. ಇವು ಐದೈದರಷ್ಟು ಬೆಳೆಯುತ್ತವೆ. ಮೂರನ್ನೂ ಒಂದೊಂದು ತೆಗೆದುಕೊಳ್ಳಿ: ಇಪ್ಪತ್ತೈದು, ಐದು, ಒಂದು. ಮತ್ತೆ 31! ಐದರ ಮಾನದಲ್ಲಿ ಬರೆದರೆ 111. ಹಳೆಯ ನಾಣ್ಯಗಳ ಐದರ ಸರವೂ ಹೊಸ ನಾಣ್ಯಗಳ ಮೂರರ ಸರವೂ ಒಂದೇ ಸಂಖ್ಯೆಗೆ ಬಂದು ನಿಂತವು. ಒಂದು ಆಣೆಯ ಲೆಕ್ಕ, ಇನ್ನೊಂದು ಪೈಸೆಯದು, ಅದು ಬೇರೆ ಮಾತು.

ಮೂರು ಅಥವಾ ಅದಕ್ಕಿಂತ ಹೆಚ್ಚು ಒಂದುಗಳ ಸರವಾಗಿ ಎರಡು ಬೇರೆ ಬೇರೆ ಮಾನಗಳಲ್ಲಿ ನಿಲ್ಲಬಲ್ಲ ಸಂಖ್ಯೆಗಳು ಇಡೀ ಗಣಿತದಲ್ಲಿ ಈವರೆಗೆ ಎರಡೇ ಸಿಕ್ಕಿವೆ. ಒಂದು 31. ಇನ್ನೊಂದು 8191. ಅದು ಎರಡರ ಮಾನದಲ್ಲಿ ಹದಿಮೂರು ಒಂದುಗಳು. ತೊಂಬತ್ತರ ಮಾನದಲ್ಲಿ ಮೂರು, ಅಂದರೆ 8100, 90 ಮತ್ತು 1. ಮೂರನೆಯದು ಇಲ್ಲವೇ ಇಲ್ಲ ಎಂದು ಬೆಲ್ಜಿಯಂನ ಗೂರ್ಮಾಗ್‌ಟಿಗ್ 1917ರಲ್ಲಿ ಊಹಿಸಿದ. ಆ ಊಹೆಗೆ ಇನ್ನೂ ಸಾಧನೆ ಸಿಕ್ಕಿಲ್ಲ, ಅದನ್ನು ಸುಳ್ಳು ಮಾಡುವ ಸಂಖ್ಯೆಯೂ ಸಿಕ್ಕಿಲ್ಲ. ಹಡಗಲಿ ಮಲ್ಲಿಗೆ ಕಟ್ಟುವ ತಾಯಂದಿರು ಎಷ್ಟು ಮಾರು ಹೂವನ್ನಾದರೂ ಕಟ್ಟಿಯಾರು. ಇಂಥ ಸರ ಮಾತ್ರ ಜಗತ್ತಿಗೆಲ್ಲ ಎರಡೇ.

ಅಡುಗೆಮನೆಯಲ್ಲಿ ರೇಡಿಯೊ ಕೇಳುತ್ತಿರುವವರಿಗೆ ಒಂದು ಪ್ರಯೋಗ. ದುಂಡಗೆ ಬಡಿದ ಜೋಳದ ರೊಟ್ಟಿಯ ಅಂಚಿನಲ್ಲಿ ಎರಡು ಕಡೆ ಗುರುತು ಮಾಡಿ, ಒಂದರಿಂದ ಇನ್ನೊಂದಕ್ಕೆ ನೇರ ಕೊಯ್ಯಿರಿ: ಎರಡು ತುಂಡು. ಮೂರು ಗುರುತು ಮಾಡಿ ಎಲ್ಲವನ್ನೂ ಪರಸ್ಪರ ಸೇರಿಸಿ ಕೊಯ್ದರೆ ನಾಲ್ಕು ತುಂಡು. ನಾಲ್ಕು ಗುರುತಿಗೆ ಎಂಟು. ಐದು ಗುರುತಿಗೆ ಹದಿನಾರು. ನಮ್ಮ ಜಿಲ್ಲೆಯ ತಾಲ್ಲೂಕುಗಳಂತೆ ಆರು ಗುರುತಿಗೆ? ಇಷ್ಟು ಹೊತ್ತು ಇಮ್ಮಡಿಸಿ ಇಮ್ಮಡಿಸಿ ಅಭ್ಯಾಸವಾದ ಬಾಯಿ 32 ಎನ್ನುತ್ತದೆ. ಎಣಿಸಿ ನೋಡಿ, 31.

ಕಾರಣ ಇದು. ಪ್ರತಿ ಕೊಯ್ತವೂ ಒಂದು ತುಂಡು ಹೆಚ್ಚಿಸುತ್ತದೆ; ಎರಡು ಕೊಯ್ತಗಳು ಒಂದನ್ನೊಂದು ಹಾಯುವ ಪ್ರತಿ ಜಾಗವೂ ಇನ್ನೊಂದು ಹೆಚ್ಚಿಸುತ್ತದೆ. ಆರು ಗುರುತಿನಲ್ಲಿ ಎರಡನ್ನು ಆರಿಸಿದರೆ ಒಂದು ಕೊಯ್ತ; ಮಹಾವೀರಾಚಾರ್ಯರ ಸೂತ್ರದಿಂದ 15. ನಾಲ್ಕನ್ನು ಆರಿಸಿದರೆ ಒಂದು ಹಾಯುವಿಕೆ, ಅದೂ 15. ಮೊದಲಿದ್ದ ಇಡೀ ರೊಟ್ಟಿ ಒಂದು. ಕೂಡಿದರೆ 31. ಗುರುತುಗಳನ್ನು ತೀರಾ ಅಳತೆಯಲ್ಲಿ, ಸಮದೂರಕ್ಕೆ ಇಡಬೇಡಿ. ಹಾಗಿಟ್ಟರೆ ಮೂರು ಕೊಯ್ತಗಳು ನಟ್ಟನಡುವೆ ಒಂದೇ ಕಡೆ ಕೂಡಿ ಒಂದು ತುಂಡು ತಪ್ಪಿಹೋಗುತ್ತದೆ, 30 ಆಗುತ್ತದೆ. ಏಳು ಗುರುತಿಗೆ 57. ಆ ಹೊತ್ತಿಗೆ ಅದು ರೊಟ್ಟಿಯಾಗಿ ಉಳಿದಿರುವುದಿಲ್ಲ.

ಐದು ಗುರುತಿನವರೆಗೆ ನಡೆದದ್ದು ಆರನೆಯದಕ್ಕೆ ನಡೆಯಲಿಲ್ಲ. ಲೆಕ್ಕದ ಮೇಷ್ಟರು "ಹೀಗೆಯೇ ಮುಂದುವರಿಯುತ್ತದೆ" ಎಂಬ ಮಾತಿಗೆ ಸಾಧನೆ ಕೇಳುವುದು ಹಟದಿಂದಲ್ಲ. 31ರಿಂದಲೇ ಹೊರಡುವ ಇನ್ನೊಂದು ಸಾಲು ಇದೆ, ಅದು ಇನ್ನೂ ದೂರ ಕರೆದೊಯ್ದು ಕೈಕೊಡುತ್ತದೆ. 31 ಅವಿಭಾಜ್ಯ. ಮುಂದೆ ಒಂದು ಮೂರು ಸೇರಿಸಿ: 331, ಅದೂ ಅವಿಭಾಜ್ಯ. 3331, ಅವಿಭಾಜ್ಯ. 33331, 333331, 3333331, 33333331 ಎಲ್ಲವೂ ಅವಿಭಾಜ್ಯ. ಏಳು ಸಲ ತಪ್ಪಲಿಲ್ಲ. ಎಂಟನೆಯದು 333333331. ಹದಿನೇಳರ ಮಗ್ಗಿ ಬರುವವರು ಅದನ್ನು ಹದಿನೇಳರಿಂದ ಭಾಗಿಸಿ. 19607843 ಬರುತ್ತದೆ, ಶೇಷ ಸೊನ್ನೆ.